ಡ್ರೆಡ್‌ಲಾಕ್ಸ್: ಯಾವ ಕೂದಲಿಗೆ ಯಾವ ವಿಧಾನ

ಬೆಳಗಾವಿಯಲ್ಲಾಗಲಿ ಬಾಗಲಕೋಟೆಯಲ್ಲಾಗಲಿ, ಡ್ರೆಡ್‌ಲಾಕ್ಸ್ (ಹಗ್ಗದಂತೆ ಗಂಟುಗಟ್ಟಿದ ಕೂದಲು, ಅಂದರೆ ಜಟೆ) ಬೇಕೆನ್ನುವವರು ಮೊದಲು ಮುಂದಿಡುವುದು ಮೊಬೈಲಿನಲ್ಲಿ ಉಳಿಸಿಟ್ಟುಕೊಂಡ ಒಂದು ಚಿತ್ರವನ್ನು. ಅದರಲ್ಲಿ ಜಮೈಕಾದ ಗಾಯಕನೋ ಫುಟ್‌ಬಾಲ್ ಆಟಗಾರನೋ ಇರುತ್ತಾನೆ. ಅವನ ಕೂದಲು ಹುಟ್ಟಿನಿಂದಲೇ ಬಿಗಿಯಾದ ಸುರುಳಿ. ಚಿತ್ರ ತೋರಿಸುವವರ ಕೂದಲು ಬಹುಪಾಲು ನೇರ, ಇಲ್ಲವೇ ಸ್ವಲ್ಪ ಬಳುಕು. ಅವನಿಗೆ ಮೂರು ನಾಲ್ಕು ತಾಸಿನಲ್ಲಿ ಮುಗಿಯುವ ಕೆಲಸ ಇವರಿಗೆ ಎರಡು ದಿನ ಹಿಡಿಯುತ್ತದೆ, ಅದೂ ಬೇರೆಯೇ ವಿಧಾನದಲ್ಲಿ. ವಿಧಾನವನ್ನು ನಿರ್ಧರಿಸುವುದು ನಿಮ್ಮ ಕೂದಲು. ಆಮೇಲಿನ ಆರೈಕೆಯನ್ನು ನಿರ್ಧರಿಸುವುದು ನಿಮ್ಮ ಊರಿನ ನೀರು ಮತ್ತು ಹವೆ. ಚಿತ್ರಕ್ಕೆ ಇವೆರಡರಲ್ಲೂ ಪಾತ್ರವಿಲ್ಲ.

ಮೊದಲು ಕೂದಲನ್ನು ಗುರುತಿಸಿ

ತೊಟ್ಟಿಲಿನಿಂದಲೇ ಕೊಬ್ಬರಿ ಎಣ್ಣೆ ತಿಕ್ಕಿಸಿಕೊಂಡು ಬೆಳೆದ ನಮ್ಮ ಜನರಲ್ಲಿ ಅನೇಕರು ತಮ್ಮ ಕೂದಲಿನ ನಿಜರೂಪವನ್ನು ನೋಡಿಯೇ ಇರುವುದಿಲ್ಲ. ಎಣ್ಣೆಯೆಲ್ಲ ಹೋಗುವಂತೆ ಎರಡು ಸಲ ಶಾಂಪೂ ಹಾಕಿ ತೊಳೆಯಿರಿ. ಕಂಡಿಷನರ್ ಬೇಡ, ಬಾಚುವುದೂ ಬೇಡ. ಗಾಳಿಗೆ ಒಣಗಲು ಬಿಟ್ಟು ಆಮೇಲೆ ನೋಡಿ. ಸೀದಾ ಇಳಿಬಿದ್ದರೆ ನೇರ ಕೂದಲು. ಅಲ್ಲಲ್ಲಿ ಬಳುಕಿದ್ದರೆ ಅಲೆಗೂದಲು. ಬೆರಳು ತೂರಿಸುವಷ್ಟು ದೊಡ್ಡ ಉಂಗುರಗಳಾಗಿ ನಿಂತರೆ ಗುಂಗುರು. ಪೆನ್ಸಿಲಿಗಿಂತ ಸಣ್ಣ ಸುರುಳಿಗಳಾಗಿ, ಎಳೆದು ಬಿಟ್ಟ ತಕ್ಷಣ ನೆತ್ತಿಯತ್ತ ಮರಳುವಂತಿದ್ದರೆ ಬಿಗಿ ಗುಂಗುರು. ಹಣೆಯ ಮೇಲೆ ನೇರ, ಹಿಂತಲೆಯಲ್ಲಿ ಗುಂಗುರು ಎಂಬಂತೆ ಒಂದೇ ತಲೆಯಲ್ಲಿ ಎರಡು ಬಗೆ ಇರುವುದೂ ಸಾಮಾನ್ಯ. ಅಂಥವರು ಎರಡು ವಿಧಾನಗಳನ್ನು ಬೆರೆಸಬೇಕಾಗುತ್ತದೆ.

ಕೂದಲು ಏಕೆ ಜಟೆಗಟ್ಟುತ್ತದೆ ಎಂಬುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಪ್ರತಿ ಕೂದಲಿನ ಮೇಲ್ಮೈಯಲ್ಲಿ ಬುಡದಿಂದ ತುದಿಯ ಕಡೆಗೆ ಒಂದರ ಮೇಲೊಂದು ಹಾಸಿದ ಅತಿಸೂಕ್ಷ್ಮ ಪದರಗಳಿವೆ, ಮನೆಯ ಹೆಂಚಿನ ಹಾಗೆ. ತುದಿಯಿಂದ ಬುಡದತ್ತ ಉಜ್ಜಿದರೆ ಈ ಪದರಗಳು ಎದ್ದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಕುರಿಯ ಉಣ್ಣೆ ಗಂಟುಗಟ್ಟುವುದೂ ಇದೇ ಕಾರಣಕ್ಕೆ. ಎಣ್ಣೆ ಮತ್ತು ಕಂಡಿಷನರ್ ಪದರಗಳನ್ನು ಮಲಗಿಸಿ ಜಾರುವಂತೆ ಮಾಡುತ್ತವೆ. ಆದ್ದರಿಂದಲೇ ಜಟೆ ಕಟ್ಟುವ ಮುನ್ನ ಅವೆರಡನ್ನೂ ಬಿಡಬೇಕು. ಬಿಗಿ ಗುಂಗುರಿನಲ್ಲಿ ಸುರುಳಿಗಳೇ ಒಂದನ್ನೊಂದು ಸುತ್ತಿಕೊಳ್ಳುವುದರಿಂದ ನಮ್ಮ ಕೆಲಸ ಕಡಿಮೆ. ನೇರ ಕೂದಲಿನಲ್ಲಿ ಆ ಕೆಲಸವನ್ನೆಲ್ಲ ಕೈ ಮತ್ತು ಸೂಜಿ ಮಾಡಬೇಕು.

ಇನ್ನೊಂದು ಮಾತು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜಟೆಯಾದ ಮೇಲೆ ಆ ಕೂದಲು ಕೆಳಗೆ ಬೀಳದೆ ಒಳಗೇ ಉಳಿಯುತ್ತದೆ. ಜಟೆ ವರ್ಷದಿಂದ ವರ್ಷಕ್ಕೆ ದಪ್ಪವಾಗುವುದು ಇದರಿಂದ.

ಯಾರು ಕಾಯಬೇಕು, ಯಾರಿಗೆ ಬೇಡ

ತಲೆಯಲ್ಲಿ ಹೇನಿದ್ದರೆ, ಹೊಟ್ಟಿದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ. ಜಟೆಯೊಳಗೆ ಸೇರಿದ ಹೇನನ್ನು ಹಣಿಗೆಯಿಂದ ತೆಗೆಯಲಾಗುವುದಿಲ್ಲ. ಹೊಟ್ಟಿಗೆ ಔಷಧದ ಅಂಗಡಿಯಲ್ಲಿ ಸಿಗುವ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ ಬಳಸಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಬಾರದಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಹಣೆಯ ಅಂಚಿನ ಕೂದಲು ಹಿಂದೆ ಸರಿಯುತ್ತಿದ್ದರೆ, ನೆತ್ತಿ ತೆಳ್ಳಗಾಗುತ್ತಿದ್ದರೆ ಜಟೆಯ ಭಾರ ಮತ್ತು ಎಳೆತ ಅದನ್ನು ಇನ್ನಷ್ಟು ಬೇಗ ಬೋಳಾಗಿಸುತ್ತವೆ. ಅಂಥವರಿಗೆ ನನ್ನ ಸಲಹೆ ನೇರವಾಗಿ ಬೇಡವೆಂದೇ. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಬೆಳಗಾವಿಯಲ್ಲಿ ಸೇನಾ ಭರ್ತಿಗೆ ತಯಾರಾಗುವ ಹುಡುಗರು ಗಲ್ಲಿಗೊಬ್ಬರು. ಅವರೂ ಈ ಆಸೆಯನ್ನು ಸದ್ಯಕ್ಕೆ ಬದಿಗಿಡಲಿ.

ಸಾಮಾನು ಮತ್ತು ಪಾಲು

ಬೇಕಾಗುವುದು ಹೆಚ್ಚೇನಿಲ್ಲ. ಹಿಡಿಯಿರುವ, ಸಣ್ಣ ಹಲ್ಲಿನ ಲೋಹದ ಹಣಿಗೆ, ಪಾಲು ತೆಗೆಯಲು ಚೂಪು ಬಾಲದ ಇನ್ನೊಂದು ಹಣಿಗೆ, ಸಣ್ಣ ರಬ್ಬರ್ ಬ್ಯಾಂಡುಗಳು, ಕ್ಲಿಪ್ಪುಗಳು, ಮತ್ತು ತುದಿಯಲ್ಲಿ ಕೊಕ್ಕೆಯಿರುವ ಒಂದು ಕ್ರೋಶಾ ಸೂಜಿ. ಈ ಸೂಜಿಯಲ್ಲಿ ಜಾಗ್ರತೆ ಬೇಕು. ಉಣ್ಣೆಯ ಟೋಪಿ ಹೆಣೆಯುವ ದಪ್ಪ ಸೂಜಿ ಇಲ್ಲಿ ಕೆಲಸಕ್ಕೆ ಬಾರದು. ಲೇಸು ಹೆಣೆಯುವ, 0.5ರಿಂದ 0.75 ಮಿಲಿಮೀಟರ್ ತುದಿಯದು ಬೇಕು. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ 'ಎಲ್ಲಕ್ಕಿಂತ ಸಣ್ಣದು ಕೊಡಿ' ಎಂದು ಕೇಳಿದರೆ ಸಾಕು.

ಇನ್ನು ಪಾಲು. ನೆತ್ತಿಯನ್ನು ಚೌಕಗಳಾಗಿ ವಿಂಗಡಿಸಬೇಕು. ಸಾಮಾನ್ಯ ಅಳತೆ ಒಂದು ಇಂಚಿಗೆ ಒಂದು ಇಂಚು. ಹೀಗೆ ಮಾಡಿದರೆ ತಲೆಯ ಗಾತ್ರಕ್ಕೆ ತಕ್ಕಂತೆ 40ರಿಂದ 60 ಜಟೆಗಳಾಗುತ್ತವೆ. ಗೋಡೆಗೆ ಇಟ್ಟಿಗೆ ಇಡುವ ಕ್ರಮದಲ್ಲಿ, ಮೇಲಿನ ಸಾಲಿನ ಚೌಕ ಕೆಳಗಿನ ಎರಡು ಚೌಕಗಳ ಸಂದಿಯ ಮೇಲೆ ಬರಲಿ. ಆಗ ನೆತ್ತಿಯ ಗೆರೆಗಳು ಹೊರಗೆ ಕಾಣುವುದಿಲ್ಲ. ಕತ್ತಿನಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಚೌಕ ತೀರಾ ಸಣ್ಣದಾದರೆ ತೂಕ ತಡೆಯಲಾರದೆ ಬುಡ ತೆಳ್ಳಗಾಗುತ್ತದೆ. ಹಣೆಯ ಅಂಚಿನ ಎಳೆಗೂದಲನ್ನು ಎಳೆದು ಸೇರಿಸಬೇಡಿ, ಅದನ್ನು ಅದರ ಪಾಡಿಗೆ ಬಿಡಿ.

ನೇರ ಕೂದಲು: ಬ್ಯಾಕ್‌ಕೋಂಬಿಂಗ್ ಮತ್ತು ಕ್ರೋಶಾ

ಬ್ಯಾಕ್‌ಕೋಂಬಿಂಗ್ ಎಂದರೆ ಕೂದಲನ್ನು ಹಣಿಗೆಯಿಂದ ಬುಡದತ್ತ ತಳ್ಳಿ ಸಿಕ್ಕುಗಟ್ಟಿಸುವುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಹೆಚ್ಚಿನವರಿಗೆ ಬೇಕಾಗುವುದು ಇದೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೂದಲು ಕನಿಷ್ಠ 6 ಇಂಚು ಇರಬೇಕು, 8 ಇದ್ದರೆ ಒಳ್ಳೆಯದು. ಜಟೆಯಾಗುವಾಗ ಉದ್ದದಲ್ಲಿ ಮೂರನೆಯ ಒಂದು ಭಾಗದಷ್ಟು ಕುಗ್ಗುತ್ತದೆ ಎಂಬ ಲೆಕ್ಕವನ್ನು ಇಟ್ಟುಕೊಳ್ಳಿ. ಒಂದು ವಾರ ಮೊದಲೇ ಎಣ್ಣೆ, ಕಂಡಿಷನರ್ ನಿಲ್ಲಿಸಿ. ಹಿಂದಿನ ದಿನ ಶಾಂಪೂವಿನಿಂದ ತೊಳೆದು ಪೂರ್ತಿ ಒಣಗಿಸಿ. ಹಸಿ ಕೂದಲಿನ ಮೇಲೆ ಈ ಕೆಲಸ ಮಾಡಲೇಬಾರದು. ಅದು ಹಿಗ್ಗಿ ಬೇಗ ತುಂಡಾಗುತ್ತದೆ.

1. ಒಂದು ಚೌಕದ ಕೂದಲನ್ನು ನೆತ್ತಿಗೆ ಲಂಬವಾಗಿ ಎತ್ತಿ ಹಿಡಿಯಿರಿ. ತಲೆಯ ಮೇಲೆ ಒರಗಿಸಿ ಹಿಡಿದರೆ ಜಟೆ ಮುಂದೆ ಅದೇ ಕಡೆಗೆ ವಾಲಿಕೊಂಡು ಬೆಳೆಯುತ್ತದೆ.

2. ಬುಡದಿಂದ ಒಂದು ಇಂಚು ಮೇಲೆ ಹಣಿಗೆಯನ್ನು ಇಟ್ಟು ನೆತ್ತಿಯತ್ತ ತಳ್ಳಿರಿ. ಎಳೆದು ತೆಗೆದು ಮತ್ತೆ ತಳ್ಳಿರಿ. ನಾಲ್ಕೈದು ಸಲಕ್ಕೆ ಬುಡದಲ್ಲಿ ಒಂದು ಸಣ್ಣ ಸಿಕ್ಕು ಕೂರುತ್ತದೆ. ಇನ್ನೊಂದು ಕೈಯಿಂದ ತುದಿಯನ್ನು ಸ್ವಲ್ಪ ಸ್ವಲ್ಪವೇ ಹೊಸೆಯುತ್ತಿರಿ.

3. ಬುಡ ಗಟ್ಟಿಯಾದ ಮೇಲೆ ಅರ್ಧ ಅರ್ಧ ಇಂಚು ಮೇಲೇರುತ್ತ ಇದನ್ನೇ ಮಾಡಿ. ಅವಸರದಲ್ಲಿ ಒಂದೇ ಸಲ ಎರಡು ಇಂಚು ಹಿಡಿದರೆ ಒಳಗೆ ಟೊಳ್ಳಾಗಿ, ಮೊದಲ ಸ್ನಾನಕ್ಕೇ ಬಿಚ್ಚಿಕೊಳ್ಳುತ್ತದೆ.

4. ತುದಿಯವರೆಗೆ ಮುಗಿದ ಮೇಲೆ ಬುಡಕ್ಕೊಂದು, ತುದಿಗೊಂದು ರಬ್ಬರ್ ಬ್ಯಾಂಡ್ ಹಾಕಿ. ಬುಡದ ಬ್ಯಾಂಡು ಸಡಿಲವಾಗಿರಲಿ. ಎರಡು ಮೂರು ವಾರಗಳಲ್ಲಿ ಎಲ್ಲವನ್ನೂ ಕತ್ತರಿಸಿ ತೆಗೆಯಬೇಕು. ಬಿಟ್ಟರೆ ರಬ್ಬರು ಕರಗಿ ಕೂದಲಿಗೆ ಅಂಟಿಕೊಳ್ಳುತ್ತದೆ.

5. ಈಗ ಸೂಜಿ. ಜಟೆಯ ಒಂದು ಬದಿಯಿಂದ ಚುಚ್ಚಿ, ಇನ್ನೊಂದು ಬದಿಯಲ್ಲಿ ಹೊರಚಾಚಿದ ಬಿಡಿ ಕೂದಲನ್ನು ಕೊಕ್ಕೆಗೆ ಸಿಕ್ಕಿಸಿ ಒಳಗೆ ಎಳೆದುಕೊಳ್ಳಿ. ಸೂಜಿ ಪೂರ್ತಿ ಹೊರಬರಬಾರದು. ಒಳಗೇ ಹಿಂದೆ ಮುಂದೆ ಆಡುತ್ತಿರಲಿ. ಜಟೆಯನ್ನು ತಿರುಗಿಸುತ್ತ ಎಲ್ಲ ಬದಿಯಿಂದಲೂ ಮಾಡಿ. ಕಟಕಟ ಸದ್ದು ಬಂದರೆ ಕೂದಲು ತುಂಡಾಗುತ್ತಿದೆ ಎಂದರ್ಥ, ಕೈ ಹಗುರ ಮಾಡಿ.

6. ಕೊನೆಗೆ ಎರಡೂ ಅಂಗೈಗಳ ನಡುವೆ ಇಟ್ಟು ಹೊಸೆಯಿರಿ. ಜಟೆ ದುಂಡಗಾಗುತ್ತದೆ.

ಇಬ್ಬರು ಕುಳಿತರೂ ಇಡೀ ತಲೆಗೆ ಎಂಟರಿಂದ ಹನ್ನೆರಡು ತಾಸು ಬೇಕು. ಶನಿವಾರ ಹಿಂತಲೆ, ಭಾನುವಾರ ಮುಂತಲೆ ಎಂದು ಹಂಚಿಕೊಳ್ಳಿ. ಮುಗಿದ ರಾತ್ರಿ ನೆತ್ತಿ ಸ್ವಲ್ಪ ಬಿಗಿ ಎನಿಸಬಹುದು. ಆದರೆ ನೋವು ಮೂರನೆಯ ದಿನವೂ ಇದ್ದರೆ, ಬುಡದಲ್ಲಿ ಸಣ್ಣ ಗುಳ್ಳೆಗಳೆದ್ದರೆ ಜಟೆ ಅತಿ ಬಿಗಿಯಾಗಿದೆ. ಆ ಬುಡಗಳನ್ನು ಸಡಿಲಿಸಲೇಬೇಕು. ಹಾಗೇ ತಡೆದುಕೊಂಡರೆ ಅಲ್ಲಿ ಕೂದಲು ಶಾಶ್ವತವಾಗಿ ಹೋಗಬಹುದು.

ನೇರ ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ, ಮತ್ತು ಹೊಸದಾಗಿ ಬಂದದ್ದು ನೇರವಾಗಿಯೇ ಬರುತ್ತದೆ. ಹಾಗಾಗಿ ಆರೆಂಟು ವಾರಗಳಿಗೊಮ್ಮೆ ಬುಡಕ್ಕೆ ಸೂಜಿ ಹಾಕುವ ಕೆಲಸ ತಪ್ಪಿದ್ದಲ್ಲ. ಗಟ್ಟಿಯಾದ ಜಟೆಯಾಗಲು ಒಂದರಿಂದ ಎರಡು ವರ್ಷ. ನಡುವೆ ನಾಲ್ಕನೆಯ ಐದನೆಯ ತಿಂಗಳಿನಲ್ಲಿ ತಲೆ ನೋಡಲಿಕ್ಕೆ ಬಾರದಂತಾಗುತ್ತದೆ. ಮದುವೆಯ ಕರೆಯೋಲೆಗಳನ್ನು ನೋಡಿಕೊಂಡು ಶುರುಮಾಡುವುದು ಜಾಣತನ.

ಅಲೆಗೂದಲು, ಗುಂಗುರು: ಹೊಸೆದು ಸೀಳುವುದು

ಇಂಥ ಕೂದಲಿಗೆ ಹಣಿಗೆಯ ಅಗತ್ಯವೇ ಇಲ್ಲ. ನೋವು ಕಡಿಮೆ, ಕೂದಲು ಮುರಿಯುವುದೂ ಕಡಿಮೆ. ನನಗೆ ಎಲ್ಲಕ್ಕಿಂತ ಹಿಡಿಸುವ ವಿಧಾನ ಇದು. ಕೂದಲು 5-6 ಇಂಚು ಇರಲಿ. ಒಂದು ಚೌಕದ ಕೂದಲನ್ನು ಹಿಡಿದು ಒಂದೇ ದಿಕ್ಕಿಗೆ ಎರಡು ಸುತ್ತು ಹೊಸೆಯಿರಿ. ತುದಿಯನ್ನು ಅಂದಾಜಿನ ಮೇಲೆ ಎರಡು ಪಾಲು ಮಾಡಿ, ಎರಡೂ ಕೈಗಳಿಂದ ಎಡಕ್ಕೂ ಬಲಕ್ಕೂ ಎಳೆಯುತ್ತ ಸೀಳಿ. ಸೀಳು ಬುಡದವರೆಗೆ ಏರಿ ಅಲ್ಲೊಂದು ಸಿಕ್ಕಾಗಿ ನಿಲ್ಲುತ್ತದೆ. ಮತ್ತೆ ಸೇರಿಸಿ ಅದೇ ದಿಕ್ಕಿಗೆ ಹೊಸೆದು, ಈ ಸಲ ಬೇರೆ ಪಾಲು ಮಾಡಿ ಸೀಳಿ. ಪ್ರತಿ ಸಲವೂ ಸಿಕ್ಕು ಬುಡದಿಂದ ಒಂದಿಷ್ಟು ಕೆಳಗೆ ಕೂರುತ್ತ ತುದಿಯವರೆಗೆ ಬರುತ್ತದೆ. ಕೊನೆಯ ಒಂದು ಇಂಚನ್ನು ಗುಂಗುರಾಗಿಯೇ ಬಿಟ್ಟರೂ ಚೆನ್ನ. ಅಲೆಗೂದಲು ಬುಡದಲ್ಲಿ ಜಾರುತ್ತಿದ್ದರೆ ಬುಡದ ಒಂದು ಇಂಚಿಗೆ ಮಾತ್ರ ಹಣಿಗೆ, ಸೂಜಿ ಬಳಸಿ.

ದೊಡ್ಡ ಉಂಗುರದ ಗುಂಗುರಿಗೆ ಇನ್ನೂ ಸುಲಭದ ದಾರಿ ಇದೆ. ಚೌಕದ ಕೂದಲನ್ನು ಎರಡು ಎಳೆ ಮಾಡಿ ಹಗ್ಗದಂತೆ ಸುತ್ತಿ ಬಿಡುವುದು. ಕೆಲವು ತಿಂಗಳಲ್ಲಿ ಆ ಎರಡು ಎಳೆಗಳು ಬೆಸೆದುಕೊಳ್ಳುತ್ತವೆ. ಮೂರು ಎಳೆಯ ಹೆಣಿಗೆಯಿಂದಲೂ ಶುರುಮಾಡಬಹುದು, ಆದರೆ ಹೆಣಿಗೆಯ ಗುರುತು ಬಹಳ ಕಾಲ ಮಾಸುವುದಿಲ್ಲ.

ಬಿಗಿ ಗುಂಗುರು

ಖಾನಾಪುರ ತಾಲ್ಲೂಕಿನ ಕಾಡಂಚಿನಲ್ಲಿ, ಅಲ್ಲಿಂದ ಆಚೆ ಹಳಿಯಾಳ, ಯಲ್ಲಾಪುರಗಳಲ್ಲಿ ನೆಲೆಸಿರುವ ಸಿದ್ದಿ ಸಮುದಾಯದವರಲ್ಲಿ ಇಂಥ ಕೂದಲು ಸಾಮಾನ್ಯ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ನಮ್ಮ ಕ್ಷೌರದಂಗಡಿಗಳಲ್ಲಿ ಈ ಕೂದಲನ್ನು ನೋಡಿದ ಕೂಡಲೇ ನೇರ ಮಾಡಿಸಿ ಎಂದು ಹೇಳುವ ಚಾಳಿಯಿದೆ. ಜಟೆಯ ವಿಷಯಕ್ಕೆ ಬಂದರೆ ಇದರಷ್ಟು ಅನುಕೂಲದ ಕೂದಲು ಬೇರೊಂದಿಲ್ಲ. ಒಂದೂವರೆ ಇಂಚು ಉದ್ದವಿದ್ದರೂ ಆಗುತ್ತದೆ.

ಕೂದಲನ್ನು ತೊಳೆದು, ಇನ್ನೂ ತೇವವಿರುವಾಗಲೇ ಚೌಕ ತೆಗೆಯಿರಿ. ಇಲ್ಲಿ ಚೌಕ ಅರ್ಧ ಇಂಚಿನಷ್ಟು ಸಣ್ಣದಿದ್ದರೂ ನಡೆಯುತ್ತದೆ. ಸಣ್ಣ ಹಲ್ಲಿನ ಹಣಿಗೆಯನ್ನು ಬುಡದಲ್ಲಿ ತೂರಿಸಿ, ಒಂದೇ ದಿಕ್ಕಿಗೆ ತಿರುಗಿಸುತ್ತ ತುದಿಯವರೆಗೆ ಇಳಿಸಿದರೆ ಕೂದಲು ಸುರುಳಿಯಾಗಿ ನಿಲ್ಲುತ್ತದೆ. ಜಾರದಿರಲು ಲೋಳೆಸರದ ತಿಳಿರಸವನ್ನು ಸ್ವಲ್ಪ ಹಚ್ಚಬಹುದು. ಮನೆಯ ಲೋಳೆಸರವಾದರೆ ತೆಳುಬಟ್ಟೆಯಲ್ಲಿ ಸೋಸಿರಿ. ತಿರುಳಿನ ಚೂರು ಒಣಗಿದರೆ ಹೊಟ್ಟಿನಂತೆ ಬಿಳಿಯಾಗಿ ಕಾಣುತ್ತದೆ. ಎರಡು ಮೂರು ವಾರ ನೀರು ತಾಗಿಸದಿದ್ದರೆ ಸುರುಳಿ ನಿಲ್ಲುತ್ತದೆ. ಆಮೇಲೆ ತಲೆಗೆ ಜಾಲರಿ ಬಟ್ಟೆ ಕಟ್ಟಿ ತೊಳೆಯಿರಿ. ನಾಲ್ಕಾರು ವಾರಕ್ಕೊಮ್ಮೆ ಬುಡ ತಿರುಗಿಸಿದರೆ ಸಾಕು. ವಾರವಾರ ತಿರುಗಿಸುವವರ ಜಟೆ ಬುಡದಲ್ಲಿ ಸವೆದು ತುಂಡಾಗಿ ಕೈಗೆ ಬರುತ್ತದೆ.

ಗರಡಿಯಲ್ಲಿ ಕುಸ್ತಿ ಮಾಡುವವರಿಗೆ, ಈಜುವವರಿಗೆ ಸುರುಳಿ ನಿಲ್ಲದು. ಅವರು ಜಟೆಯ ತುದಿಯನ್ನು ಕೊಕ್ಕೆಯಿಂದ ಬುಡದ ಸಂದಿಯಲ್ಲಿ ತೂರಿಸಿ ಎಳೆದು ಗಂಟಾಗಿಸಬೇಕು. ಒಮ್ಮೆ ಎಡದಿಂದ ಬಲಕ್ಕೆ, ಮುಂದಿನ ಸಲ ಮೇಲಿನಿಂದ ಕೆಳಕ್ಕೆ. ಒಂದೇ ದಿಕ್ಕಿನಲ್ಲಿ ತೂರಿಸುತ್ತ ಹೋದರೆ ಬುಡದಲ್ಲಿ ತೂತು ಬೀಳುತ್ತದೆ.

ಏನೂ ಮಾಡದೆ ಬಿಡುವುದು

ಬಾಚುವುದನ್ನು ನಿಲ್ಲಿಸಿ, ತೊಳೆಯುವುದನ್ನು ಮುಂದುವರಿಸಿ, ಕಾಯುವುದು. ಬಿಗಿ ಗುಂಗುರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ನೇರ ಕೂದಲಿಗೆ ವರ್ಷಕ್ಕೂ ಹೆಚ್ಚು ಬೇಕು, ಒಂದೊಂದು ಜಟೆ ಒಂದೊಂದು ಗಾತ್ರದ್ದಾಗುತ್ತದೆ. ಪ್ರತಿ ಸ್ನಾನದ ನಂತರ ಬುಡಗಳನ್ನು ಬೆರಳಿನಿಂದ ಬಿಡಿಸುವುದನ್ನು ಮರೆತರೆ ಎಲ್ಲ ಸೇರಿ ಒಂದೇ ಹಪ್ಪಳವಾಗುತ್ತದೆ.

ಹಚ್ಚಬಾರದ್ದು

ಹೇರ್ ವ್ಯಾಕ್ಸ್ ಬೇಡ, ಜೇನುಮೇಣ ಬೇಡ, ಅಂಟುವ ಜೆಲ್ ಬೇಡ. ಮೇಣ ನೀರಿನಲ್ಲಿ ಹೋಗುವುದಿಲ್ಲ. ಒಳಗೆ ಕುಳಿತು ಧೂಳನ್ನು, ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿನ ರವದಿ ಸುಡುವ ದಿನಗಳಲ್ಲಿ ಮುಧೋಳದ ಕಡೆ ಹೋಗಿ ಬಂದವರಿಗೆ ಮಸಿ ಎಷ್ಟು ಹಾರಾಡುತ್ತದೆಂದು ಗೊತ್ತು. ಅದೆಲ್ಲ ಮೇಣಕ್ಕೆ ಅಂಟುತ್ತದೆ. ವನವಾಸಕ್ಕೆ ಹೊರಟ ರಾಮಲಕ್ಷ್ಮಣರು ಗಂಗೆಯ ದಡದಲ್ಲಿ ಆಲದ ಹಾಲಿನಿಂದ ಜಟೆ ಕಟ್ಟಿಕೊಂಡ ಕಥೆಯನ್ನು ಹೇಳಿ, ಆಲದ ಹಾಲು ಹಚ್ಚು ಎನ್ನುವ ಹಿರಿಯರೂ ಸಿಗುತ್ತಾರೆ. ಕಥೆ ಕೇಳಲು ಚೆಂದ. ಆದರೆ ಆ ಹಾಲು ಚರ್ಮಕ್ಕೆ ತುರಿಕೆ ತರಬಹುದು, ಒಣಗಿದ ಮೇಲೆ ತೆಗೆಯಲು ಕತ್ತರಿಯೇ ಗತಿ.

ನೀರು, ತೊಳೆಯುವುದು, ಒಣಗಿಸುವುದು

ಜಟೆ ಎಂದರೆ ತಲೆ ತೊಳೆಯದಿರುವುದು ಎಂಬ ತಪ್ಪು ಕಲ್ಪನೆ ಮೊದಲು ಹೋಗಬೇಕು. ಕೊಳೆ ಮತ್ತು ಜಿಡ್ಡು ಜಟೆಯನ್ನು ಜಾರಿಸುತ್ತವೆ. ಸ್ವಚ್ಛ ಕೂದಲೇ ಗಟ್ಟಿಯಾಗಿ ಕೂರುವುದು. ನೇರ ಕೂದಲಿನವರು ಮೊದಲ ವಾರ ಬಿಟ್ಟು, ಆಮೇಲೆ ವಾರಕ್ಕೊಮ್ಮೆ ತೊಳೆಯಲಿ. ಶಾಂಪೂವನ್ನು ಒಂದು ಮಗ್ ನೀರಿನಲ್ಲಿ ಕಲಸಿ ನೆತ್ತಿಗೆ ಮಾತ್ರ ಹಾಕಿ, ಬೆರಳ ತುದಿಯಿಂದ ತಿಕ್ಕಿ. ಜಟೆಗಳನ್ನು ಉಜ್ಜಬೇಡಿ, ಹಿಂಡಿ. ಕೆನೆಯಂತಿರುವ ಶಾಂಪೂ ಬಿಟ್ಟು ತಿಳಿಯಾಗಿ ಕಾಣುವುದನ್ನು ಆರಿಸಿ. ಸೀಗೆಪುಡಿಯ ಮೇಲೆ ಎಷ್ಟೇ ಪ್ರೀತಿಯಿದ್ದರೂ ಇಲ್ಲಿ ಬೇಡ. ಪುಡಿಯ ಕಣ ಒಳಹೊಕ್ಕರೆ ಹೊರಬರುವುದಿಲ್ಲ. ಅಂಟುವಾಳದ ಕಾಯಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿದ ನೀರು ಧಾರಾಳವಾಗಿ ನಡೆಯುತ್ತದೆ.

ವಿಜಯಪುರದವರ ಕಷ್ಟ ಬೇರೆ. ಅಲ್ಲಿನ ಕೊಳವೆಬಾವಿಯ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ಬಿಳಿ ಜಿಗುಟಾಗಿ ಜಟೆಯಲ್ಲಿ ಕೂರುತ್ತದೆ. ಸ್ನಾನದ ಸಾಬೂನನ್ನು ತಲೆಗೆ ಹಚ್ಚಲೇಬೇಡಿ. ನದಿಯ ನಳದ ನೀರು ಬಂದ ದಿನವೇ ತಲೆ ತೊಳೆಯುವುದು ಒಂದು ಉಪಾಯ. ಇಲ್ಲವೇ ಕೊನೆಯ ಎರಡು ಮಗ್ ಮಾತ್ರ ಕುದಿಸಿ ಆರಿಸಿ ತಿಳಿಯಾದ ನೀರನ್ನು ಸುರಿದುಕೊಳ್ಳಿ. ಕುದಿಸಿದಾಗ ಸುಣ್ಣದ ಒಂದಿಷ್ಟು ಭಾಗ ತಳಕ್ಕೆ ಇಳಿಯುತ್ತದೆ. ತಿಂಗಳಿಗೊಮ್ಮೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನಿಗರ್ ಬೆರೆಸಿ ಜಾಲಾಡಿಸಬಹುದು. ಉಪ್ಪುನೀರು ಚಿಮುಕಿಸಿದರೆ ಜಟೆ ಬೇಗ ಗಟ್ಟಿಯಾಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಜಾರುವ ನೇರ ಕೂದಲಿಗೆ ಅದು ಸ್ವಲ್ಪ ನಿಜವೂ ಹೌದು. ಆದರೆ ಗಡಸು ನೀರು, 40 ಡಿಗ್ರಿ ಬಿಸಿಲು ಇರುವ ಊರಿನಲ್ಲಿ ಕೂದಲು ಈಗಾಗಲೇ ಬೇಕಾದಷ್ಟು ಒರಟಾಗಿರುತ್ತದೆ, ಉಪ್ಪು ಬೇಡ.

ಬೆಳಗಾವಿ, ಖಾನಾಪುರದವರಿಗೆ ನೀರಿನ ಚಿಂತೆಯಿಲ್ಲ, ಮಳೆಯ ಚಿಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಬಟ್ಟೆಯೇ ಒಣಗದಿರುವಾಗ ದಪ್ಪ ಜಟೆಯ ಒಳಭಾಗ ಒಣಗುವುದೆಲ್ಲಿಂದ? ಒಳಗೆ ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ ಅದರ ಮೊದಲ ಗುರುತು. ಒಳಗೆ ಕಪ್ಪಾದ ಮೇಲೆ ಆ ಜಟೆಯನ್ನು ಉಳಿಸುವುದು ಕಷ್ಟ. ಮಳೆಗಾಲದಲ್ಲಿ ಬೆಳಿಗ್ಗೆಯೇ ತೊಳೆಯಿರಿ, ಚೆನ್ನಾಗಿ ಹಿಂಡಿರಿ, ಡ್ರೈಯರಿನ ತಣ್ಣನೆಯ ಗಾಳಿಯಲ್ಲಿ ಒಣಗಿಸಿ. ಒದ್ದೆ ಜಟೆಯನ್ನು ಕಟ್ಟಬೇಡಿ, ಒದ್ದೆ ತಲೆಯಲ್ಲಿ ಮಲಗಬೇಡಿ. ಈ ಕಾರಣಕ್ಕೆ ಬೆಳಗಾವಿಯವರು ದೀಪಾವಳಿ ಕಳೆದ ಮೇಲೆ ಶುರುಮಾಡುವುದು ಒಳ್ಳೆಯದು. ಮಳೆ ಬರುವ ಹೊತ್ತಿಗೆ ಏಳು ತಿಂಗಳ ಜಟೆಯಾಗಿರುತ್ತದೆ.

ಬಾಗಲಕೋಟೆಯವರು ಮಾತ್ರ ಹೋಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎತ್ತಿನ ಬಂಡಿಯಲ್ಲಿ ಬ್ಯಾರಲ್ ಇಟ್ಟುಕೊಂಡು ಬಣ್ಣ ಎರಚುವ ಊರಿನಲ್ಲಿ ಹೊಸ ಜಟೆ ಬಿಳಿಯ ಬಟ್ಟೆಯಷ್ಟೇ ಅಸಹಾಯಕ. ಹೋಳಿ ಮುಗಿದ ಮೇಲೆ ಶುರುಮಾಡಿ. ಈಗಾಗಲೇ ಇದ್ದರೆ ಸ್ನಾನದ ಪ್ಲಾಸ್ಟಿಕ್ ಟೋಪಿ, ಅದರ ಮೇಲೊಂದು ರುಮಾಲು ಕಟ್ಟಿ ಹೊರಬೀಳಿ. ಸವದತ್ತಿಯ ಎಲ್ಲಮ್ಮನ ಜಾತ್ರೆಯಲ್ಲಿ ಹಾರಿಸುವ ಭಂಡಾರಕ್ಕೂ (ಅರಿಶಿನದ ಪುಡಿಗೂ) ಇದೇ ಮದ್ದು.

ಟರ್ಕಿ ಟವೆಲಿನ ನೂಲು ಜಟೆಗೆ ಅಂಟುತ್ತದೆ, ಹಳೆಯ ಪಂಚೆಯಿಂದ ಒರೆಸಿಕೊಳ್ಳಿ. ದಿಂಬಿಗೆ ನುಣುಪು ಬಟ್ಟೆ ಬೇಕು: ಹರಿದ ಇಳಕಲ್ ಸೀರೆಯ ರೇಷ್ಮೆ ಸೆರಗು ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ದಿಂಬಿನ ಚೀಲ ಸಿಗದು. ಹೆಲ್ಮೆಟ್ ಬಿಡುವಂತಿಲ್ಲ. ಜಟೆಗಳನ್ನು ಕತ್ತಿನ ಬಳಿ ಸಡಿಲವಾಗಿ ಕಟ್ಟಿ, ನೆತ್ತಿಯ ಮೇಲೆ ತೆಳುಬಟ್ಟೆ ಹಾಕಿ ಹೆಲ್ಮೆಟ್ ಧರಿಸಿ. ದಪ್ಪ ಹೆಚ್ಚಾದಾಗ ಒಂದು ಅಳತೆ ದೊಡ್ಡದನ್ನು ಕೊಳ್ಳಬೇಕಾಗುತ್ತದೆ.

ಮನೆಯವರಿಗೆ ಮೊದಲೇ ಹೇಳಿ

ಎಲ್ಲಮ್ಮನ ಗುಡ್ಡ ಇರುವ ಜಿಲ್ಲೆಯಲ್ಲಿ ಜಟೆ ಬರಿಯ ಕೇಶವಿನ್ಯಾಸವಲ್ಲ. ಹೆಣ್ಣುಮಕ್ಕಳ ತಲೆಯಲ್ಲಿ ಜಟೆ ಕಾಣಿಸಿಕೊಂಡರೆ ದೇವಿ ಕರೆದಿದ್ದಾಳೆಂದು ನಂಬಿಸಿ ಮುತ್ತು ಕಟ್ಟಿದ ಕಾಲವನ್ನು ಕಂಡ ಅಜ್ಜಿಯಂದಿರು ಇನ್ನೂ ಇದ್ದಾರೆ. ಹೀಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದನ್ನು ರಾಜ್ಯ 1982ರ ಕಾಯ್ದೆಯಿಂದ ನಿಷೇಧಿಸಿದೆ, ಆದರೆ ಭಯ ಕಾಯ್ದೆಯಷ್ಟು ಬೇಗ ಬದಲಾಗುವುದಿಲ್ಲ. ಮೊಮ್ಮಗಳು ಒಂದು ಸಂಜೆ ಜಟೆ ಕಟ್ಟಿಕೊಂಡು ಮನೆಗೆ ಬಂದರೆ ಆಯಿಯ ಎದೆ ಒಡೆಯುವುದು ಸಹಜ. 'ಆಯಿ, ಇದು ತಾನಾಗಿ ಬಂದದ್ದಲ್ಲ, ನಾನೇ ಕಟ್ಟಿಸಿಕೊಳ್ಳುತ್ತೇನೆ, ಬೇಡವಾದಾಗ ತೆಗೆಸುತ್ತೇನೆ' ಎಂದು ಮೊದಲೇ ಹೇಳಿ. ಸಾಧ್ಯವಾದರೆ ಕಟ್ಟುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಣಿಗೆ, ಸೂಜಿಯ ಕೆಲಸವನ್ನು ಕಣ್ಣಾರೆ ಕಂಡವರಿಗೆ ಅದರಲ್ಲಿ ದೈವ ಕಾಣುವುದಿಲ್ಲ. ತಾನಾಗಿ ಕಟ್ಟಿಕೊಂಡ ಜಟೆಗೂ ಕಾರಣ ಬಾಚದಿರುವುದು, ಜಿಡ್ಡು, ಹೊಟ್ಟು, ಅಂಟಿಕೊಂಡ ಭಂಡಾರ. ಅಂಥ ಜಟೆ ಯಾರ ತಲೆಯಲ್ಲಿದ್ದರೂ, ಕತ್ತರಿಸಿದರೆ ಯಾವ ಕೇಡೂ ಆಗುವುದಿಲ್ಲ.

ತೆಗೆಯುವುದು

ಬೋಳಿಸಲೇಬೇಕೆಂದೇನಿಲ್ಲ. ಬುಡದಿಂದ ಎರಡು ಮೂರು ಇಂಚು ಬಿಟ್ಟು ಕತ್ತರಿಸಿ, ಉಳಿದದ್ದನ್ನು ಬಿಡಿಸುವುದು ಎಲ್ಲಕ್ಕಿಂತ ವೇಗದ ದಾರಿ. ಉದ್ದ ಉಳಿಸಿಕೊಳ್ಳಬೇಕಿದ್ದರೆ ಜಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಕಂಡಿಷನರನ್ನು ಧಾರಾಳವಾಗಿ ತಿಕ್ಕಿ, ತುದಿಯಿಂದ ಆರಂಭಿಸಿ ಸೂಜಿಯಿಂದ ಸಿಕ್ಕು ಸಡಿಲಿಸುತ್ತ ಅರ್ಧ ಅರ್ಧ ಇಂಚು ಮೇಲೇರಬೇಕು. ಕೆಳಗೆ ಬೀಳುವ ಕೂದಲಿನ ರಾಶಿ ನೋಡಿ ಗಾಬರಿಯಾಗಬೇಡಿ. ಅದು ಇಷ್ಟು ವರ್ಷ ಉದುರಿಯೂ ಒಳಗೇ ಉಳಿದಿದ್ದ ಕೂದಲು. ಒಂದು ಜಟೆಗೆ ಅರ್ಧದಿಂದ ಒಂದು ತಾಸು ಹಿಡಿಯುತ್ತದೆ. ದಿನಕ್ಕೆ ನಾಲ್ಕೈದರಂತೆ ಬಿಡಿಸಿದರೆ ಕೈಯೂ ಸೋಲುವುದಿಲ್ಲ, ಕೂದಲೂ ತುಂಡಾಗುವುದಿಲ್ಲ.